ಬೋರ್ ನೀರು ಬಳಕೆಗೆ, ಮಳೆ ನೀರು ಕುಡಿಯೋಕೆ: ಬಯಲುಸೀಮೆಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಬೋರ್ ಕೊರೆಸಿದರು ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ, ಎಷ್ಟು ಅಡಿಗೆ ನೀರು ಬಿತ್ತು ಅಂತ. ಎಂಥ ನೀರು ಬಿತ್ತು ಅಂತ ಕೇಳುವವರು ಕಡಿಮೆ. ಸಾವಿರ, ಸಾವಿರದ ಇನ್ನೂರು ಅಡಿ ಕೊರೆಸಿ, ಎರಡು ಇಂಚು ನೀರು ಕಂಡರೆ ಸಾಕು, ಪೂಜೆ ಮಾಡಿ ಮೋಟರ್ ಇಳಿಸುತ್ತೇವೆ. ಆಮೇಲೆ ಕುಡಿಯೋಕೂ ಅದೇ, ದನಕ್ಕೂ ಅದೇ, ಟೊಮೆಟೊ ತೋಟಕ್ಕೂ ಅದೇ.

ಹಿಂದೆ ಹೀಗಿರಲಿಲ್ಲ. ಊರಿಗೆ ಒಂದು ಸಿಹಿನೀರಿನ ಬಾವಿ ಇರುತ್ತಿತ್ತು. ಕುಡಿಯೋಕೆ, ಬೇಳೆ ಬೇಯಿಸೋಕೆ ಅಲ್ಲಿಂದಲೇ ಬಿಂದಿಗೆ ಬರಬೇಕು. ಬಟ್ಟೆಗೆ, ದನಕ್ಕೆ ಬೇರೆ ನೀರು. ಆ ಕ್ರಮವನ್ನು ಇವತ್ತಿನ ಮನೆಯಲ್ಲಿ ಮತ್ತೆ ತರೋದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಮನೆಗೆ ಬರುವ ಎಲ್ಲ ನೀರನ್ನೂ ಶುದ್ಧ ಮಾಡಬೇಕಾಗಿಲ್ಲ. ಹೊಟ್ಟೆಗೆ ಹೋಗುವ ನೀರನ್ನು ಬೇರೆ ಇಟ್ಟರೆ ಸಾಕು, ಮತ್ತು ಅಷ್ಟು ನೀರು ನಿಮ್ಮ ತಾರಸಿ ಮೇಲೇ ವರ್ಷ ವರ್ಷ ಬೀಳುತ್ತಿದೆ.

ಮೊದಲು ಬೋರ್ ನೀರು ಪರೀಕ್ಷೆ ಮಾಡಿಸಿ

ನಮ್ಮ ನೆಲದ ಕೆಳಗಿರೋದು ಗ್ರಾನೈಟ್ ಬಂಡೆ. ಅದರೊಳಗಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಆಳದ ಬಂಡೆ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ನೀರಿಗೆ ಇಳಿಯುತ್ತದೆ. ಹಾಗಾಗಿ ಆಳಕ್ಕೆ ಹೋದರೆ ಒಳ್ಳೆ ನೀರು ಸಿಗುತ್ತದೆ ಅನ್ನೋ ನಂಬಿಕೆ ನಮ್ಮ ಕಡೆ ಬಹಳ ಸಲ ತಿರುಗುಮುರುಗಾಗುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಮುಂದಿನ ಹಲ್ಲಿನ ಮೇಲೆ ಅಡ್ಡಕ್ಕೆ ಹಳದಿ, ಕಂದು ಗೆರೆ ನೋಡಿರುತ್ತೀರಿ. ಹಲ್ಲು ಉಜ್ಜದೆ ಬಂದದ್ದಲ್ಲ ಅದು. ವಸಡಿನ ಒಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದವರೆಗೆ, ಕುಡಿದ ನೀರಿನ ಗುರುತು. ಉಜ್ಜಿದರೆ ಹೋಗಲ್ಲ. ಇನ್ನೂ ಜಾಸ್ತಿ ಪ್ರಮಾಣದ ನೀರನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ, ಬೆನ್ನು ಬಗ್ಗದಂತಾಗುತ್ತದೆ.

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮೀರಬಾರದು. ಕರಗಿದ ಲವಣ, ಅಂದರೆ ಟಿಡಿಎಸ್, 500 ಒಳಗಿದ್ದರೆ ಒಳ್ಳೆಯದು.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಜಲ ಜೀವನ್ ಮಿಷನ್ ಬಂದ ಮೇಲೆ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಕೇಳಿ ನೋಡಿ. ಫ್ಲೋರೈಡ್ ಪರೀಕ್ಷೆಯಲ್ಲಿ ನೀರಿಗೆ ದ್ರಾವಣ ಹಾಕಿ ಬಂದ ಬಣ್ಣವನ್ನು ಚಾರ್ಟಿನ ಪಕ್ಕ ಹಿಡಿದು ನೋಡುತ್ತಾರೆ. ಕಿಟ್ಟಿನಲ್ಲಿ ಜಾಸ್ತಿ ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ತೊಳೆದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮೋಟರ್ ಐದು ನಿಮಿಷ ಓಡಿದ ಮೇಲೆ ಅದೇ ನೀರಿನಲ್ಲಿ ಬಾಟಲಿ ಎರಡು ಸಲ ತೊಳೆದು ತುಂಬಿಸಿ. ಒಂದು ಸಲ ಮಳೆಗಾಲ ಮುಗಿದ ಮೇಲೆ, ಇನ್ನೊಂದು ಸಲ ಏಪ್ರಿಲ್‌ನಲ್ಲಿ ಮಾಡಿಸಿ, ಏಕೆಂದರೆ ಬೇಸಿಗೆಯ ನೀರು ಬೇರೆಯೇ ಫಲಿತಾಂಶ ಕೊಡಬಹುದು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮನೆ ಬಾಗಿಲಿಗೆ ಬಂದು ಪೆನ್ನಿನ ಥರದ ಮೀಟರ್ ನೀರಿಗೆ ಅದ್ದಿ, ನೋಡಿ ನಿಮ್ಮ ನೀರು ವಿಷ ಅನ್ನುತ್ತಾರಲ್ಲ, ಆ ಮೀಟರ್ ಟಿಡಿಎಸ್ ಮಾತ್ರ ತೋರಿಸುತ್ತದೆ. ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ. ಕ್ರಿಮಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಟಿಡಿಎಸ್ 300 ಇರುವ ನೀರಲ್ಲೂ ಫ್ಲೋರೈಡ್ 2 ಇರಬಹುದು. ಆ ಸಂಖ್ಯೆ ನೋಡಿ ಹೆದರಬೇಡಿ, ಅದನ್ನೇ ನೋಡಿ ಧೈರ್ಯವನ್ನೂ ತಂದುಕೊಳ್ಳಬೇಡಿ.

ಫ್ಲೋರೈಡ್ ಇರುವ ನೀರನ್ನು ಕುದಿಸಿದರೆ ಅದು ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೆಯೇ. ಇದು ತಿಪ್ಪೆ, ಶೌಚದ ಗುಂಡಿ, ಗೊಬ್ಬರದಿಂದ ಇಳಿಯುವಂಥದ್ದು, ಆರು ತಿಂಗಳೊಳಗಿನ ಮಗುವಿಗೆ ಬಹಳ ಅಪಾಯ. ಹಸುಗೂಸಿಗೆ ಪುಡಿ ಹಾಲು ಕಲಸುವ ಮನೆಯಲ್ಲಿ ನೈಟ್ರೇಟ್ ಪರೀಕ್ಷೆ ಆಗದ ಬೋರ್ ನೀರು ಬಳಸಲೇಬೇಡಿ.

ಲೆಕ್ಕ ಹಾಕೋಣ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಬಾಯಿಲೆಕ್ಕ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಅಂದುಕೊಳ್ಳಿ, ಪಾವಗಡದ ಕಡೆ ಇನ್ನೂ ಕಡಿಮೆ. ಸಾವಿರ ಚದರ ಅಡಿ ತಾರಸಿ ಅಂದರೆ 93 ಚದರ ಮೀಟರ್. ಒಣಗಿ, ಚೆಲ್ಲಿ, ಮೊದಲ ಕೊಳೆ ನೀರು ಬಿಟ್ಟು ನೂರಕ್ಕೆ 80 ಭಾಗ ಸಿಕ್ಕರೂ 52 ಸಾವಿರ ಲೀಟರ್.

ಈಗ ಖರ್ಚು. ಕುಡಿಯೋಕೆ, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಸಾಕು. ಐದು ಜನರ ಮನೆಗೆ 25 ಲೀಟರ್. ವರ್ಷವಿಡೀ ಲೆಕ್ಕ ಹಾಕಿದರೆ 9,125 ಲೀಟರ್.

52 ಸಾವಿರ ಬೀಳುತ್ತದೆ, ಬೇಕಿರೋದು 9 ಸಾವಿರ. ಬರಗಾಲ ಬಂದು ಅರ್ಧ ಮಳೆ ಆದರೂ ಸಾಲುತ್ತದೆ. ನದಿ ಇಲ್ಲದ ಜಿಲ್ಲೆ ನಮ್ಮದು ಅಂತ ಕೊರಗುವ ನಾವು ಈ ಒಂದು ಲೆಕ್ಕವನ್ನು ಶಾಲೆಯಲ್ಲೇ ಮಕ್ಕಳಿಂದ ಮಾಡಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪಾಲಾರ್, ಪಿನಾಕಿನಿ ಹುಟ್ಟೋದು ನಮ್ಮ ಬೆಟ್ಟಗಳ ಕಡೆಯೇ, ಹರಿದು ಹೋಗೋದು ಬೇರೆ ಕಡೆ. ತಾರಸಿ ನೀರನ್ನಾದರೂ ನಾವು ಹಿಡಿದಿಟ್ಟುಕೊಳ್ಳಬಹುದು ಅಲ್ವಾ?

ಹತ್ತು ಸಾವಿರ ಲೀಟರ್ ಸಂಪು ಕಟ್ಟಿಸೋಕೆ ಆದರೆ ಅತ್ಯುತ್ತಮ. ಉದ್ದ 10 ಅಡಿ, ಅಗಲ 7 ಅಡಿ, ನೀರು ನಿಲ್ಲುವ ಎತ್ತರ 5 ಅಡಿ. ಅಷ್ಟು ಜಾಗವೋ ದುಡ್ಡೋ ಇಲ್ಲದಿದ್ದರೆ 5 ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇಡಿ. ನಮ್ಮಲ್ಲಿ ಮಳೆ ಇಲ್ಲದ ಕಾಲ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಂದರೂ ಹೆಚ್ಚೂ ಕಡಿಮೆ ದಾಟಿಸಬಹುದು.

ತಾರಸಿ

ಆರ್‌ಸಿಸಿ, ಮಂಗಳೂರು ಹೆಂಚು, ತಗಡು, ಎಲ್ಲದರ ನೀರೂ ಆಗುತ್ತದೆ. ಉದುರುತ್ತಿರುವ ಹಳೇ ಆಸ್ಬೆಸ್ಟಾಸ್ ಶೀಟಿನ ನೀರು, ಹೊಸದಾಗಿ ಟಾರ್ ಬಳಿದ ತಾರಸಿಯ ನೀರು ಕುಡಿಯೋಕೆ ಬೇಡ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗಳಿಗೆ ವಿಶೇಷವಾಗಿ ಹೇಳುತ್ತೇನೆ: ಬ್ಲೀಚಿಂಗ್, ಫಾರ್ಮಲಿನ್ ಹೊಡೆದ ಚಂದ್ರಿಕೆ, ತಟ್ಟೆಗಳನ್ನು ತಾರಸಿ ಮೇಲೆ ಒಣಗಿಸುತ್ತೀರಾದರೆ ಆ ತಾರಸಿಯನ್ನು ಬಿಟ್ಟು ಬೇರೆ ಕಡೆಯಿಂದ ನೀರು ಹಿಡಿಯಿರಿ. ಪಾರಿವಾಳ ಕೂರುವ ಮೂಲೆ, ತಾರಸಿಗೆ ಬಾಗಿದ ಮರದ ಕೊಂಬೆ, ಇವೆರಡನ್ನೂ ಮಳೆಗಾಲಕ್ಕೆ ಮುಂಚೆ ಸರಿ ಮಾಡಿ.

ಸಾವಿರ ಚದರ ಅಡಿಗೆ ನಾಲ್ಕು ಇಂಚಿನ ಪೈಪು ಒಂದು ಸಾಕು, ಎರಡಿದ್ದರೆ ಜೋರು ಮಳೆಗೂ ತಡೆಯುತ್ತದೆ. ತಾರಸಿಯ ತೂತಿಗೆ ಜಾಲರಿ ಹಾಕಿ.

ಮೊದಲ ನೀರು ಹೊರಗೆ

ಇಡೀ ಕೆಲಸದಲ್ಲಿ ಜನ ಬಿಟ್ಟುಬಿಡೋದು ಇದನ್ನೇ, ಕೆಡೋದೂ ಇಲ್ಲೇ. ಪ್ರತಿ ಮಳೆಯ ಮೊದಲ ಒಂದು ಮಿಲಿಮೀಟರ್ ನೀರು ತಾರಸಿಯ ಧೂಳು, ಹಕ್ಕಿ ಹಿಕ್ಕೆ, ಎಲೆ ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಸಾವಿರ ಚದರ ಅಡಿಗೆ ಅದು 93 ಲೀಟರ್. ಇಷ್ಟು ನೀರು ಸಂಪಿಗೆ ಹೋಗಬಾರದು.

ಸುಲಭದ ದಾರಿ, ಕೆಳಗಿಳಿಯುವ ಪೈಪಿಗೆ ಒಂದು ಟೀ, ಅಂದರೆ ಮೂರು ಬಾಯಿಯ T ಆಕಾರದ ಪೈಪು ತುಂಡು, ಜೋಡಿಸಿ, ಅದರ ಕೆಳಗೆ ಆರು ಇಂಚಿನ ಪೈಪನ್ನು ಇಳಿಬಿಡೋದು. ಆರು ಇಂಚಿನ ಪೈಪು ಮೀಟರಿಗೆ ಸುಮಾರು 18 ಲೀಟರ್ ಹಿಡಿಯುತ್ತದೆ, ಐದು ಮೀಟರ್ ಇದ್ದರೆ 90 ಲೀಟರ್. ಅಷ್ಟು ಎತ್ತರ ಸಿಗದಿದ್ದರೆ ನೂರು ಲೀಟರಿನ ಡ್ರಮ್ಮಿಗೆ ಜೋಡಿಸಿ. ಮೊದಲ ನೀರು ಹೋಗಿ ಅದರಲ್ಲಿ ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ಬಂದ ಒಳ್ಳೆ ನೀರು ಟೀಯಿಂದ ಅಡ್ಡಕ್ಕೆ ತಿರುಗಿ ಫಿಲ್ಟರಿಗೆ ಹೋಗುತ್ತದೆ. ಕೆಳಗಿನ ಮುಚ್ಚಳಕ್ಕೆ ಒಂದು ಸಣ್ಣ ತೂತು ಕೊರೆಯಿರಿ, ಅಗರಬತ್ತಿ ಕಡ್ಡಿ ತೂರುವಷ್ಟು ಸಾಕು. ಮಳೆ ನಿಂತ ಮೇಲೆ ಕೊಳೆ ನೀರು ತೊಟ್ಟಿಕ್ಕಿ ತಾನಾಗೇ ಖಾಲಿಯಾಗುತ್ತದೆ, ಮುಂದಿನ ಮಳೆಗೆ ಸಿದ್ಧ. ಆ ತೂತು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಿ. ಮುಚ್ಚಳವನ್ನು ಗಮ್ ಹಾಕಿ ಅಂಟಿಸಬೇಡಿ, ತಿರುಗಿಸಿ ಬಿಚ್ಚುವ ಥರದ್ದೇ ಇರಲಿ.

ಅಶ್ವಿನಿ, ಭರಣಿ ಮಳೆಯನ್ನು ತಾರಸಿ ತೊಳೆಯೋಕೆ ಬಿಟ್ಟುಬಿಡಿ. ಬೇಸಿಗೆಯ ಧೂಳೆಲ್ಲ ಅದರಲ್ಲಿ ಹೋಗಲಿ. ಸಂಪು ತುಂಬಿಸಬೇಕಾದ್ದು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಜಾಸ್ತಿ, ತಾರಸಿಯೂ ಅಷ್ಟು ಹೊತ್ತಿಗೆ ಶುದ್ಧವಾಗಿರುತ್ತದೆ.

ಡ್ರಮ್ ಫಿಲ್ಟರ್

ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ತಳದಲ್ಲಿ ಸಂಪಿಗೆ ಹೋಗುವ ಪೈಪು. ಅದರ ಮೇಲೆ 40 ಮಿ.ಮೀ. ಜಲ್ಲಿ ಒಂದು ಗೇಣು, ಆಮೇಲೆ 20 ಮಿ.ಮೀ. ಜಲ್ಲಿ, ಆಮೇಲೆ ಸಣ್ಣ ಜಲ್ಲಿ. ಅದರ ಮೇಲೆ ನೈಲಾನ್ ಜಾಲರಿ ಹಾಸಿ ಒಂದಡಿ ದಪ್ಪ ಮರಳು. ಮರಳಿನ ಮೇಲೆ ಮತ್ತೆ ಜಾಲರಿ, ಅದರ ಮೇಲೆ ಒಂದು ಹಿಡಿ ಜಲ್ಲಿ, ನೀರು ಧುಮುಕಿ ಮರಳು ಗುಂಡಿ ಬೀಳದಿರಲಿ ಅಂತ. ಡ್ರಮ್ಮಿನ ಮೇಲ್ಭಾಗದಲ್ಲಿ ಹೆಚ್ಚಿನ ನೀರು ಹೊರ ಹೋಗೋಕೆ ಇನ್ನೊಂದು ಪೈಪು.

ಮರಳಿನ ಬಗ್ಗೆ ಎಚ್ಚರ. ನಮ್ಮ ಕಡೆ ಫಿಲ್ಟರ್ ಮರಳು ಅಂತ ಸಿಗುತ್ತದಲ್ಲ, ಹೆಸರು ಕೇಳಿ ಇದೇ ಸರಿ ಅಂದುಕೊಳ್ಳಬೇಡಿ. ಅದು ಹೊಲದ, ಕೆರೆಯ ಮಣ್ಣನ್ನು ಕದ್ದು ತೊಳೆದು ಮಾಡಿದ್ದು. ಅದರಲ್ಲಿ ಜೇಡಿ ಉಳಿದಿರುತ್ತದೆ, ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು, ಒಂದು ಮನೆಗೆ ನೀರು ಸೋಸೋಕೆ ಒಂದು ಕೆರೆಯಂಗಳ ಹಾಳು ಮಾಡಿದಂತಾಗುತ್ತದೆ. ಎಂ-ಸ್ಯಾಂಡ್ ತಂದು, ಜರಡಿ ಹಿಡಿದು, ಸಣ್ಣ ಪುಡಿ ತೆಗೆದು ಬಕೆಟ್ಟಿನಲ್ಲಿ ಕೈಯಾಡಿಸಿ ತೊಳೆಯಿರಿ. ಮೊದಲು ನೀರು ಸಿಮೆಂಟ್ ಕಲಸಿದಂತೆ ಬೂದು ಬಣ್ಣಕ್ಕೆ ಬರುತ್ತದೆ. ಬಗ್ಗಿಸಿ ಚೆಲ್ಲಿ, ಮತ್ತೆ ತುಂಬಿಸಿ, ಮತ್ತೆ ಚೆಲ್ಲಿ. ಬಕೆಟ್ಟಿನ ತಳದ ಮರಳಿನ ಕಾಳು ಒಂದೊಂದೂ ನೀರಿನ ಮೂಲಕ ಕಾಣುವವರೆಗೆ ತೊಳೆಯಬೇಕು. ಬೇಸರದ ಕೆಲಸ, ಆದರೆ ಇಲ್ಲಿ ಉಳಿಸಿದ ಅರ್ಧ ದಿನ ಆಮೇಲೆ ಇಡೀ ಸಂಪು ತೊಳೆಸುತ್ತದೆ.

ಈ ಫಿಲ್ಟರ್ ಕಸ ತಡೆಯುತ್ತದೆ, ಕ್ರಿಮಿಯನ್ನು ತಡೆಯಲ್ಲ. ಅದು ಮುಂದಿನ ಕೆಲಸ.

ಸಂಪು

ಬೋರ್ ನೀರಿನ ಸಂಪಿಗೂ ಇದಕ್ಕೂ ಯಾವ ಸಂಬಂಧವೂ ಇರಬಾರದು. ಒಂದೇ ಸಂಪಿಗೆ ಎರಡೂ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ. ಶೌಚದ ಗುಂಡಿಯಿಂದ ಕನಿಷ್ಠ 50 ಅಡಿ ದೂರ ಇರಲಿ. ಬೆಳಕು ಒಂದು ಎಳೆಯೂ ಒಳಗೆ ಹೋಗದಂತೆ ಮುಚ್ಚಳ ಹಾಕಿ, ಬೆಳಕಿಲ್ಲದಿದ್ದರೆ ಪಾಚಿ ಬೆಳೆಯಲ್ಲ. ಗಾಳಿ ಪೈಪಿಗೆ, ಹೆಚ್ಚಿನ ನೀರು ಹೋಗುವ ಪೈಪಿಗೆ ಸೊಳ್ಳೆ ಜಾಲರಿ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ಶುದ್ಧ ನೀರಿನಲ್ಲೇ. ಹೊಸ ಸಿಮೆಂಟ್ ಸಂಪಿನ ಮೊದಲ ಒಂದೆರಡು ತುಂಬಿನ ನೀರು ಸುಣ್ಣದ ರುಚಿ ಬರುತ್ತದೆ, ಅದನ್ನು ಗಿಡಕ್ಕೆ ಬಳಸಿಬಿಡಿ. ಒಳಗಿನಿಂದ ನೀರು ಎತ್ತೋಕೆ ಸಣ್ಣ ಕೈಪಂಪು ಇದ್ದರೆ ಒಳ್ಳೆಯದು. ಕೊಡ ಮುಳುಗಿಸುವುದು ಬೇಡ, ಕೊಡದ ತಳದ ಕೊಳೆ, ಕೈಯ ಕೊಳೆ ಎರಡೂ ನೀರಿಗೆ ಸೇರುತ್ತವೆ.

ಕ್ರಿಮಿ ಕೊಲ್ಲುವುದು

ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಗಡಸೂ ಇಲ್ಲ. ಹಾಗಾಗಿ ಇದಕ್ಕೆ ಆರ್‌ಒ ಮೆಷಿನ್ ಬೇಡವೇ ಬೇಡ. ಕ್ರಿಮಿ ಒಂದನ್ನು ನೋಡಿಕೊಂಡರಾಯಿತು. ದಾರಿ ಹಲವು ಇವೆ, ಮನೆಗೆ ಯಾವುದು ನಡೆಯುತ್ತದೋ ಅದು.

ಕುದಿಸೋದು ಎಲ್ಲಕ್ಕಿಂತ ನಂಬಿಕೆಯದು. ಬಿಸಿಯಾದರೆ ಸಾಲದು, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಹದಿನೈದು ನಿಮಿಷ ಕುದಿಸಿ ಗ್ಯಾಸ್ ಸುಡಬೇಕಿಲ್ಲ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ.

ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕೋದಾದರೆ ಸಾವಿರ ಲೀಟರಿಗೆ 2.5 ಗ್ರಾಂ, ಹತ್ತು ಸಾವಿರಕ್ಕೆ 25 ಗ್ರಾಂ. ಕಣ್ಣಳತೆ ಬೇಡ, ತೂಕ ಮಾಡಿ. ಸ್ವಲ್ಪ ನೀರಲ್ಲಿ ಕಲಸಿ, ಬಕೆಟ್ ತುಂಬ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಕಲಕಿ. ಒಂದು ಗಂಟೆ ಆದ ಮೇಲೆ ಬಳಸಿ. ಪೊಟ್ಟಣ ತೆರೆದಿಟ್ಟ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ, ಗಾಳಿ ಆಡದ ಡಬ್ಬಿಯಲ್ಲಿಡಿ. ನೀರು ಕದಡಿದ್ದರೆ ಕ್ಲೋರಿನ್ ಕೆಲಸ ಮಾಡಲ್ಲ, ಮೊದಲು ತಿಳಿಯಾಗಬೇಕು.

ಬಿಸಿಲಿಗೆ ಕೊರತೆಯಿಲ್ಲದ ನಾಡು ನಮ್ಮದು. ಬಣ್ಣವಿಲ್ಲದ, ಗೀಚಿಲ್ಲದ, ಎರಡು ಲೀಟರ್ ಒಳಗಿನ ಪೆಟ್ ಬಾಟಲಿಗೆ ತಿಳಿ ನೀರು ತುಂಬಿ, ತಗಡಿನ ಮೇಲೆ ಅಡ್ಡಡ್ಡ ಮಲಗಿಸಿ ಆರು ಗಂಟೆ ಬಿಸಿಲಿಗಿಡಿ. ಮೋಡ ಇದ್ದರೆ ಎರಡು ದಿನ. ತೋಟದಲ್ಲಿ ಇರುವವರಿಗೆ, ಕೂಲಿ ಕೆಲಸಕ್ಕೆ ಬಂದವರಿಗೆ ಖರ್ಚಿಲ್ಲದ ದಾರಿ ಇದು.

ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಟ್ಟರೆ ಕ್ರಿಮಿ ಕಡಿಮೆಯಾಗುತ್ತದೆ ನಿಜ. ಹುಣಸೆಹಣ್ಣು ಹಾಕಿ ತಿಕ್ಕಿದ ಬಿಂದಿಗೆಯಾದರೆ ಇನ್ನೂ ಒಳ್ಳೆಯದು. ಆದರೆ ಅದೊಂದನ್ನೇ ನಂಬಿ ಕೂರಬೇಡಿ, ಕುದಿಸಿ ಆರಿಸಿದ ನೀರನ್ನು ಅದರಲ್ಲಿಡಿ.

ಎಲ್ಲ ಸರಿಯಾಗಿದೆಯಾ ಅಂತ ನೋಡೋಕೆ ಎಚ್2ಎಸ್ ಬಾಟಲಿ ಇದೆ. ಬೆರಳುದ್ದದ ಬಾಟಲಿ, ಒಳಗೆ ಔಷಧಿ ಹಚ್ಚಿದ ಕಾಗದ. ಒಳಗೆ ಬೆರಳು ತಾಗದಂತೆ ಗೆರೆಯವರೆಗೆ ನೀರು ತುಂಬಿ ಅಡುಗೆಮನೆ ಕಪಾಟಿನಲ್ಲಿಡಿ. ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಯಲ್ಲಿ ನೀರು ಕಾಡಿಗೆಯಂತೆ ಕಪ್ಪಾದರೆ ಮಲದ ಕ್ರಿಮಿ ಸೇರಿದೆ ಅಂತ ಅರ್ಥ. ತಿಳಿಯಾಗಿ, ರುಚಿಯಾಗಿ ಇರುವ ನೀರೂ ಕಪ್ಪಾಗುತ್ತದೆ. ಕಣ್ಣಿಗೆ ಶುದ್ಧ ಕಂಡರೆ ಸಾಕು ಅನ್ನುವ ಹಿರಿಯರಿಗೆ ಈ ಬಾಟಲಿ ತೋರಿಸಿ, ಮಾತೇ ಬೇಕಾಗಲ್ಲ.

ತಾರಸಿ ಇಲ್ಲದವರಿಗೆ, ಮಳೆ ನೀರು ಸಾಲದವರಿಗೆ

ಮಳೆ ನೀರು ಸ್ವಲ್ಪವೇ ಇದ್ದರೆ ಬೆರೆಸಿ. ಬೋರ್ ನೀರಿನ ಫ್ಲೋರೈಡ್ 2 ಇದ್ದರೆ ಸಮಸಮ ಮಳೆ ನೀರು ಬೆರೆಸಿದರೆ 1ಕ್ಕೆ ಇಳಿಯುತ್ತದೆ. 3 ಇದ್ದರೆ ಒಂದು ಪಾಲು ಬೋರ್, ಎರಡು ಪಾಲು ಮಳೆ ನೀರು. ಪರೀಕ್ಷೆ ಮಾಡಿಸಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಪಂಚಾಯಿತಿಯ ಶುದ್ಧ ನೀರಿನ ಘಟಕದ ನೀರು ಆರ್‌ಒ ನೀರು, ಮೆಂಬ್ರೇನ್ ಚೆನ್ನಾಗಿದ್ದರೆ ಫ್ಲೋರೈಡ್ ಹೋಗಿರುತ್ತದೆ. ಚೆನ್ನಾಗಿದೆಯಾ ಅಂತ ವರ್ಷಕ್ಕೊಮ್ಮೆ ಘಟಕದ ನೀರನ್ನೂ ಪರೀಕ್ಷೆಗೆ ಹಾಕಿ, ಕೇಳುವ ಹಕ್ಕು ನಿಮಗಿದೆ. ಕ್ಯಾನ್ ವಾರಕ್ಕೊಮ್ಮೆ ತೊಳೆಯಿರಿ. ಮನೆಯಲ್ಲೇ ಆರ್‌ಒ ಇದ್ದರೆ ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಸಾವಿರ ಅಡಿಯಿಂದ ಎತ್ತಿದ ನೀರು ಅದು, ಮೋರಿಗೆ ಬಿಡಬೇಡಿ. ಬಕೆಟ್ಟಿಗೆ ಹಿಡಿದು ನೆಲ ಒರೆಸೋಕೆ, ಕಕ್ಕಸಿಗೆ ಬಳಸಿ. ಗಿಡಕ್ಕೆ ದಿನಾ ಹಾಕಿದರೆ ಉಪ್ಪು ಕೂಡಿ ಮಣ್ಣು ಕೆಡುತ್ತದೆ.

ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವೂ ಇದೆ, ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (NEERI) ರೂಪಿಸಿದ್ದು. ಎಷ್ಟು ಪಟಿಕ ಅನ್ನೋದು ನೀರಿನ ಫ್ಲೋರೈಡ್ ಮತ್ತು ಕ್ಷಾರ ಎರಡರ ಮೇಲೂ ನಿಂತಿದೆ. ಪ್ರಯೋಗಾಲಯದವರು ಅಳತೆ ಬರೆದುಕೊಡದೆ ಮನೆಯಲ್ಲಿ ಮಾಡಬೇಡಿ.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಉದ್ದೇಶ ಅಂತರ್ಜಲ ಹೆಚ್ಚಿಸೋದು. ಕುಡಿಯೋಕೆ ಬಿಟ್ಟ ನೀರಲ್ಲ ಅದು. ಅಂಥ ಕೆರೆಯ ಕೆಳಗಿನ ತೆರೆದ ಬಾವಿ ತುಂಬಿದ್ದರೆ ವ್ಯವಸಾಯಕ್ಕೆ ಬಳಸಿ, ಪರೀಕ್ಷೆ ಇಲ್ಲದೆ ಬಾಯಿಗೆ ಹಾಕಬೇಡಿ.

ಸಂಪು ತುಂಬಿದ ಮೇಲಿನ ನೀರು

ಉಳಿದ ನಲವತ್ತು ಸಾವಿರ ಲೀಟರ್ ಬೀದಿಗೆ ಹೋಗೋದು ಬೇಡ. ಬೋರ್ ಕೇಸಿಂಗಿನ ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಗುಂಡಿಯೊಳಗಿನ ಕೇಸಿಂಗಿಗೆ ತೂತು ಕೊರೆದು, ನೈಲಾನ್ ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿ. ತಾರಸಿಯ, ಅಂಗಳದ ನೀರು ಮಾತ್ರ ಇದಕ್ಕೆ ಬರಲಿ. ಕೊಟ್ಟಿಗೆಯ ಕಡೆಯಿಂದ, ಮೋರಿಯಿಂದ, ಔಷಧಿ ಹೊಡೆದ ಹೊಲದಿಂದ ಒಂದು ಹನಿಯೂ ಬರಬಾರದು. ಮೇಲಿಂದ ಮಣ್ಣಿನಲ್ಲಿ ಇಳಿಯುವ ನೀರನ್ನು ಮಣ್ಣು ಸೋಸುತ್ತದೆ, ಕೇಸಿಂಗಿನಲ್ಲಿ ನೇರ ಇಳಿದದ್ದನ್ನು ಸೋಸೋರು ಯಾರೂ ಇಲ್ಲ.

ವರ್ಷದ ಕೆಲಸ

ಯುಗಾದಿ ಕಳೆದು ಸಂಪು ಖಾಲಿಯಾಗುವ ಹೊತ್ತಿಗೆ ಒಳಗೆ ಇಳಿದು ತೊಳೆಯಿರಿ. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಿಸಿದ ಮೇಲೆ, ಮೇಲೊಬ್ಬರು ನಿಂತಿದ್ದಾಗ ಮಾತ್ರ ಇಳಿಯಬೇಕು. ಫಿಲ್ಟರಿನ ಮೇಲಿನ ಮರಳು ತೆಗೆದು ಮತ್ತೆ ತೊಳೆದು ಹಾಕಿ.

ಸಂಪಿನಲ್ಲಿ ಒಂದು ಅಳತೆ ಕೋಲು ಇಡಿ. ಇಂಚಿನ ಗುರುತಿರುವ ಪ್ಲಾಸ್ಟಿಕ್ ಪೈಪಾದರೂ ಸರಿ. 10 ಅಡಿಗೆ 7 ಅಡಿಯ ಸಂಪಿನಲ್ಲಿ ಒಂದು ಇಂಚು ಅಂದರೆ 165 ಲೀಟರ್, ಐದು ಜನರ ಮನೆಗೆ ಆರು ದಿನದ ನೀರು. ಫೆಬ್ರವರಿ ಮೊದಲ ವಾರದಲ್ಲಿ ಕೋಲು ಅದ್ದಿ ನೋಡಿ. ತಳದ ಎರಡು ಇಂಚು ಕೆಸರಿಗೆ ಬಿಟ್ಟು 16 ಇಂಚು ಇದ್ದರೆ ಮೇ ಮಳೆಯವರೆಗೆ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಆವತ್ತಿನಿಂದಲೇ ಮಳೆ ನೀರನ್ನು ಕುಡಿಯೋಕೆ, ಮಕ್ಕಳಿಗೆ, ಬೇಳೆ ಬೇಯಿಸೋಕೆ ಮಾತ್ರ ಇಟ್ಟುಕೊಂಡು, ಅಕ್ಕಿ ತೊಳೆಯೋಕೆ, ತರಕಾರಿ ತೊಳೆಯೋಕೆ ಬೋರ್ ನೀರಿಗೆ ಬನ್ನಿ.